ಅಪವಾದಕ್ಕೆ ಗುರಿಯಾದ ನಾಯಕನೂ ಶ್ರಾವಕನ ನಿಷ್ಠೆಯೂ

ತಾನು ಗೌರವಿಸುವ ಜನನಾಯಕನ ಮೇಲೆ ಅಪವಾದ ಹಬ್ಬಿದಾಗ ಅವನನ್ನು ನಂಬಿದವನ ಕರ್ತವ್ಯವೇನು? ಇದು ಚುನಾವಣೆಯ ಕಾಲದಲ್ಲಿ ಮಾತ್ರ ಏಳುವ ಪ್ರಶ್ನೆಯೆಂದೂ ರಾಜಕಾರಣಿಗಳಿಗೆ ಮಾತ್ರ ಸಂಬಂಧಿಸಿದ್ದೆಂದೂ ನಮ್ಮಲ್ಲಿ ಬಹುಮಂದಿಯ ಭಾವನೆ. ಆದರೆ ಅಂಗಡಿಯ ಕಟ್ಟೆಯ ಮೇಲೆ, ಬಸದಿಯ ಅಂಗಳದಲ್ಲಿ, ಮದುವೆಯ ಪಂಕ್ತಿಯಲ್ಲಿ ನಾವು ಆಡುವ ಮಾತುಗಳಲ್ಲಿ ಹೆಚ್ಚಿನ ಪಾಲು ಅಧಿಕಾರದಲ್ಲಿರುವವರನ್ನು ಕುರಿತದ್ದೇ ಆಗಿರುತ್ತದೆ. ಅವರ ಮೇಲೆ ಒಂದು ದೂರು ಬಂದೊಡನೆ ಅವರನ್ನು ಮೆಚ್ಚುವವರು ‘ಎಲ್ಲವೂ ವಿರೋಧಿಗಳ ಕುತಂತ್ರ’ ಎನ್ನುತ್ತಾರೆ. ಮೆಚ್ಚದವರು ‘ಬೆಂಕಿಯಿಲ್ಲದೆ ಹೊಗೆಯಾಡದು’ ಎನ್ನುತ್ತಾರೆ. ಈ ಎರಡು ಮಾತುಗಳನ್ನು ಆಡಿದವರಲ್ಲಿ ಒಬ್ಬರೂ ಒಂದು ಕಾಗದವನ್ನಾಗಲಿ ಒಂದು ಲೆಕ್ಕವನ್ನಾಗಲಿ ಕಣ್ಣಾರೆ ಕಂಡಿರುವುದಿಲ್ಲ. ಆದುದರಿಂದ ಈ ವಿಷಯವು ರಾಜಕೀಯಕ್ಕಿಂತ ಮೊದಲು ನಮ್ಮ ನಾಲಗೆಗೂ ನಮ್ಮ ವ್ರತಕ್ಕೂ ಸಂಬಂಧಿಸಿದ್ದೆಂದು ತಿಳಿದು ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ನಿಷ್ಠೆ ಎಂಬುದು ನಮ್ಮ ನಾಡಿನ ಬಹು ಹಳೆಯ ಮೌಲ್ಯ. ಒಡೆಯನ ಜೋಳವನ್ನುಂಡವನು ಅವನಿಗಾಗಿ ಪ್ರಾಣವನ್ನೂ ತೆರಬೇಕೆಂಬ ಭಾವನೆಯನ್ನು ಪೂರ್ವಿಕರು ಜೋಳವಾಳಿ ಎಂದು ಕರೆದರು. ಒಡೆಯನು ಮಡಿದಾಗ ತಾನೂ ಮಡಿಯುವ ಪ್ರತಿಜ್ಞೆಗೆ ವೇಳೆವಾಳಿ ಎಂದು ಹೆಸರಿಟ್ಟರು. ನಮ್ಮ ಆದಿಕವಿ ಪಂಪನು 941ರ ಸುಮಾರಿನಲ್ಲಿ ರಚಿಸಿದ ವಿಕ್ರಮಾರ್ಜುನ ವಿಜಯದಲ್ಲಿ ಕರ್ಣನನ್ನು ಚಿತ್ರಿಸಿದ ಬಗೆಯಲ್ಲಿ ಈ ಭಾವನೆಯ ಶಿಖರವನ್ನು ಕಾಣುತ್ತೇವೆ. ತನ್ನ ಜನ್ಮವೃತ್ತಾಂತ ತಿಳಿದ ಮೇಲೂ, ರಾಜ್ಯವೇ ಕೈಗೆ ಬರುವ ಸಂಭವವಿದ್ದರೂ, ಕರ್ಣನು ದುರ್ಯೋಧನನ ಋಣವನ್ನು ಮರೆಯಲಿಲ್ಲ. ಜೋಳವನ್ನೇ ಮುಖ್ಯ ಆಹಾರವಾಗಿ ಉಣ್ಣುವ ನಮ್ಮ ಬೀದರ ಸೀಮೆಯವರಿಗೆ ಈ ಮಾತು ಬೇಗನೆ ಮನಸ್ಸಿಗೆ ನಾಟುತ್ತದೆ.

ಆದರೆ ಇಲ್ಲಿ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಅರಸೊತ್ತಿಗೆಯಲ್ಲಿ ಜೋಳ ಅರಸನದು, ಉಣ್ಣುವವನು ಸೇವಕ. ಪ್ರಜಾಪ್ರಭುತ್ವದಲ್ಲಿ ಜೋಳ ಯಾರದು? ಮಂತ್ರಿಯ ಸಂಬಳ, ಅವನ ವಾಹನ, ಅವನ ಕಾವಲು, ಅವನು ಉದ್ಘಾಟಿಸುವ ಕಟ್ಟಡ, ಇವೆಲ್ಲವೂ ಪ್ರಜೆಗಳು ತೆತ್ತ ತೆರಿಗೆಯಿಂದಲೇ ನಡೆಯುತ್ತವೆ. ಆದುದರಿಂದ ಇಂದು ಜೋಳವಾಳಿಯ ಋಣ ನಾಯಕನ ತಲೆಯ ಮೇಲಿದೆ. ಪ್ರಜೆಯು ನಾಯಕನಲ್ಲಿ ಇಡುವುದು ನಂಬಿಕೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಅದು ಇಡುಗಂಟು, ಶಾಸ್ತ್ರದ ಭಾಷೆಯಲ್ಲಿ ನ್ಯಾಸ. ಇಡುಗಂಟನ್ನು ಇಟ್ಟವನು ಅದರ ಲೆಕ್ಕ ಕೇಳಿದರೆ ಅದರಲ್ಲಿ ದ್ರೋಹವೇನೂ ಇಲ್ಲ. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಸಾಗೋಣ.

ಶಾಸ್ತ್ರದ ದೃಷ್ಟಿ

ಸ್ವಾಮಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಪರಿವಾದ, ರಹೋಭ್ಯಾಖ್ಯೆ, ಪೈಶುನ್ಯ, ಕೂಟಲೇಖ ಮತ್ತು ನ್ಯಾಸಾಪಹಾರ ಎಂಬಿವೇ ಆ ಐದು. ಇನ್ನೊಬ್ಬರನ್ನು ಹಳಿಯುವುದು, ಗುಟ್ಟನ್ನು ಬಯಲು ಮಾಡುವುದು, ಚಾಡಿ ಹೇಳುವುದು, ಒಬ್ಬನು ಹೇಳದುದನ್ನು ಹೇಳಿದನೆಂದು ಬರೆಯುವುದು, ನಂಬಿ ಇಟ್ಟ ಒಡವೆಯನ್ನು ಲಪಟಾಯಿಸುವುದು ಎಂದು ಇವನ್ನು ತಿಳಿಗನ್ನಡದಲ್ಲಿ ಹೇಳಬಹುದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿಯೂ ಇದಕ್ಕೆ ಸಮೀಪವಾದ ಪಟ್ಟಿಯಿದೆ. ಅದೇ ಗ್ರಂಥದ ಆರನೆಯ ಅಧ್ಯಾಯವು ಪರನಿಂದೆ, ಆತ್ಮಪ್ರಶಂಸೆ, ಇತರರಲ್ಲಿ ಇರುವ ಗುಣವನ್ನು ಮುಚ್ಚುವುದು, ತನ್ನಲ್ಲಿ ಇಲ್ಲದ ಗುಣವನ್ನು ಹೊಗಳಿಕೊಳ್ಳುವುದು, ಇವು ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣವೆಂದು ತಿಳಿಸುತ್ತದೆ.

ಈ ಪಟ್ಟಿಯನ್ನು ನಾನು ಬಾಲ್ಯದಿಂದ ಬಾಯಿಪಾಠವಾಗಿ ಹೇಳುತ್ತ ಬಂದಿದ್ದೆನಾದರೂ ಅದರ ಜೋಡಣೆಯ ಅರ್ಥ ಹೊಳೆದದ್ದು ತಡವಾಗಿ. ಚಾಡಿಯೂ ಇಡುಗಂಟಿನ ಅಪಹಾರವೂ ಒಂದೇ ಸಾಲಿನಲ್ಲಿ ಏಕೆ ನಿಂತಿವೆ? ಮೊದಲನೆಯದು ಮಾತಿನ ದೋಷ, ಎರಡನೆಯದು ಹಣದ ದೋಷವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಎರಡರ ಸ್ವರೂಪವೂ ಒಂದೇ ಆಗಿದೆ. ಒಬ್ಬನ ಕೀರ್ತಿಯೂ ಅವನು ಸಮಾಜದಲ್ಲಿ ಇಟ್ಟ ಇಡುಗಂಟು; ಚಾಡಿಕೋರನು ಅದನ್ನು ಅಪಹರಿಸುತ್ತಾನೆ. ಸಾರ್ವಜನಿಕ ಹಣವೂ ಸಮಾಜವು ಒಬ್ಬನ ಕೈಯಲ್ಲಿ ಇಟ್ಟ ಇಡುಗಂಟು; ಭ್ರಷ್ಟನಾದ ಅಧಿಕಾರಿ ಅದನ್ನು ಅಪಹರಿಸುತ್ತಾನೆ. ಒಂದನ್ನು ಪಾಪವೆಂದು ಅಂಜುವ ಶ್ರಾವಕನು ಇನ್ನೊಂದಕ್ಕೂ ಅಂಜಲೇಬೇಕು. ನಾಯಕನ ಮೇಲಿನ ಪ್ರೀತಿಯಿಂದ ಅವನ ಮೇಲಿನ ಚಾಡಿಯನ್ನು ಖಂಡಿಸುವವನು ಅದೇ ಪ್ರೀತಿಯಿಂದ ಲೆಕ್ಕವನ್ನು ಮುಚ್ಚಿಡಲು ನೆರವಾದರೆ ಪಟ್ಟಿಯ ಮೂರನೆಯ ದೋಷದಿಂದ ತಪ್ಪಿಸಿಕೊಂಡು ಐದನೆಯದರಲ್ಲಿ ಪಾಲುದಾರನಾಗುತ್ತಾನೆ.

ಇಲ್ಲಿ ಕೆಲವರು ಉಪಗೂಹನದ ಮಾತನ್ನು ಎತ್ತುವರು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಅಜ್ಞಾನಿಗಳ ಅಥವಾ ಅಶಕ್ತರ ದೆಸೆಯಿಂದ ಧರ್ಮಮಾರ್ಗಕ್ಕೆ ಬರುವ ನಿಂದೆಯನ್ನು ನಿವಾರಿಸುವುದು ಅದರ ಲಕ್ಷಣ. ಇದಕ್ಕೆ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ನಿದರ್ಶನವಾಗಿ ಹೇಳುತ್ತಾರೆ. ಬ್ರಹ್ಮಚಾರಿಯ ವೇಷ ಧರಿಸಿ ಬಂದ ಕಳ್ಳನೊಬ್ಬನು ಶ್ರೇಷ್ಠಿಯ ಚೈತ್ಯಾಲಯದ ವೈಡೂರ್ಯ ಮಣಿಯನ್ನು ಕದ್ದು ಓಡಿದನು. ಕಾವಲುಗಾರರು ಬೆನ್ನಟ್ಟಿದಾಗ ಅವನು ಶ್ರೇಷ್ಠಿಯನ್ನೇ ಮೊರೆಹೊಕ್ಕನು. ವೇಷಧಾರಿಯ ದೆಸೆಯಿಂದ ಧರ್ಮಕ್ಕೆ ಕಳಂಕ ಬರಬಾರದೆಂದು ಶ್ರೇಷ್ಠಿಯು, ಮಣಿಯನ್ನು ತಾನೇ ತರಿಸಿದೆನೆಂದು ಹೇಳಿ ಕಾವಲುಗಾರರನ್ನು ಕಳುಹಿಸಿದನು. ಅನಂತರ ಕಳ್ಳನನ್ನು ಏಕಾಂತದಲ್ಲಿ ಗದರಿಸಿ ಹೊರಗಟ್ಟಿದನು.

ತಮ್ಮ ಪಕ್ಷದವರ ತಪ್ಪನ್ನು ಮುಚ್ಚುವುದಕ್ಕೆ ಈ ಕಥೆಯನ್ನು ಆಧಾರವಾಗಿ ತೋರಿಸುವವರನ್ನು ನಾನು ಕಂಡಿದ್ದೇನೆ. ಅವರು ಒಂದು ಸಂಗತಿಯನ್ನು ಮರೆಯುತ್ತಾರೆ. ಕಳುವಾದ ಮಣಿ ಶ್ರೇಷ್ಠಿಯ ಸ್ವಂತದ್ದು. ತನ್ನ ನಷ್ಟವನ್ನು ತಾನು ಕ್ಷಮಿಸುವ ಅಧಿಕಾರ ಅವನಿಗಿತ್ತು. ಅಲ್ಲದೆ ಮಣಿ ಅವನ ಕೈಗೆ ಮರಳಿ ಬಂದಿತು, ಕಳ್ಳನು ಚೈತ್ಯಾಲಯದಿಂದ ದೂರವಾದನು. ಊರಿನ ಭಂಡಾರದಿಂದ ಕಳುವಾದುದನ್ನು ‘ಹೋಗಲಿ ಬಿಡಿ’ ಎನ್ನಲು ನಾವು ಯಾರು? ಪರರ ಇಡುಗಂಟನ್ನು ಕ್ಷಮಿಸಿಬಿಡುವ ಔದಾರ್ಯವನ್ನು ಯಾವ ಶಾಸ್ತ್ರವೂ ಶ್ರಾವಕನಿಗೆ ಕೊಟ್ಟಿಲ್ಲ.

ಕಲ್ಯಾಣದ ಭಂಡಾರ

ಈ ವಿಚಾರಕ್ಕೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ಮೋರಖಂಡಿ ಬಸವಕಲ್ಯಾಣ ತಾಲ್ಲೂಕಿನ ಗ್ರಾಮ. ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ಬರುವ ಮಯೂರಖಂಡಿಯು ಇದೇ ಎಂದು ಕೆಲವು ವಿದ್ವಾಂಸರೂ, ಅದು ನಾಸಿಕ ಜಿಲ್ಲೆಯದೆಂದು ಇನ್ನು ಕೆಲವರೂ ಹೇಳಿದ್ದಾರೆ. ಅದು ಹೇಗೇ ಇರಲಿ, ಹನ್ನೆರಡನೆಯ ಶತಮಾನದಲ್ಲಿ ಪಕ್ಕದ ಕಲ್ಯಾಣದಲ್ಲಿ ನಡೆದುದು ಇಂದಿನವರೆಗೂ ಈ ಸೀಮೆಯ ಮನೆಮನೆಯ ಮಾತಾಗಿದೆ.

ಮಂಗಳವಾಡದ, ಅಂದರೆ ಈಗಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ, ಕಳಚುರಿ ವಂಶದ ಬಿಜ್ಜಳನು ಚಾಲುಕ್ಯ ಮೂರನೆಯ ತೈಲಪನ ಮಾಂಡಲಿಕನಾಗಿದ್ದು ಪ್ರಬಲನಾಗಿ, 1162ರ ಹೊತ್ತಿಗೆ ಕಲ್ಯಾಣದ ಸಿಂಹಾಸನವನ್ನೇ ಏರಿದನು. ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ಅವನಲ್ಲಿ ಕರಣಿಕರಾಗಿ ಸೇರಿ, ಭಂಡಾರಿಯ ಪದವಿಗೆ ಏರಿದರೆಂದು ಪರಂಪರೆ ಹೇಳುತ್ತದೆ. ಅವರ ಮೇಲೆ ಬಂದ ಅಪವಾದ ಎಲ್ಲರಿಗೂ ತಿಳಿದದ್ದೇ: ಅರಸನ ಭಂಡಾರವನ್ನು ಬರಿದು ಮಾಡಿ ಜಂಗಮರ ದಾಸೋಹ ನಡೆಸುತ್ತಿದ್ದಾರೆ ಎಂಬುದು. ಆ ದೂರನ್ನು ಅರಸನ ಕಿವಿಗೆ ಮುಟ್ಟಿಸಿದವರಲ್ಲಿ ಒಬ್ಬನಿಗೆ ಕೊಂಡೆಯ ಮಂಚಣ್ಣನೆಂಬ ಹೆಸರೇ ಉಳಿದುಬಂದಿದೆ. ಕೊಂಡೆ ಎಂದರೆ ಹಳಗನ್ನಡದಲ್ಲಿ ಚಾಡಿ. ಒಬ್ಬ ಮನುಷ್ಯನ ಕುಲ, ವಿದ್ಯೆ, ಪದವಿಗಳೆಲ್ಲವೂ ಮರೆತುಹೋಗಿ ಅವನಾಡಿದ ಚಾಡಿಯೊಂದೇ ಎಂಟು ನೂರು ವರ್ಷ ಹೆಸರಾಗಿ ನಿಂತಿತೆಂದರೆ ಪೈಶುನ್ಯದ ಫಲವೇನೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ದೂರು ಬಂದಾಗ ನಡೆದುದನ್ನು ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಿಂದ ಮೊದಲುಗೊಂಡು 1369ರ ಭೀಮಕವಿಯ ಕನ್ನಡ ಬಸವಪುರಾಣದವರೆಗಿನ ಪರಂಪರೆ ವರ್ಣಿಸಿದೆ. ಅರಸನು ಲೆಕ್ಕ ಕೇಳಿದನು. ಬಸವಣ್ಣನವರು ಪೆಟ್ಟಿಗೆಗಳನ್ನು ತೆರೆಯಿಸಿದರು. ಎಣಿಸಿ ನೋಡಲಾಗಿ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ. ಪುರಾಣಕಾರರು ಇದನ್ನು ಪವಾಡವಾಗಿ ಹೇಳುತ್ತಾರೆ. ಲೆಕ್ಕ ಬರೆದು ಬದುಕಿದ ನನ್ನಂಥವನಿಗೆ ಇದರಲ್ಲಿ ಪವಾಡಕ್ಕಿಂತ ನಡತೆ ಮುಖ್ಯವಾಗಿ ಕಾಣುತ್ತದೆ. ಬಿಜ್ಜಳನು ಚಾಡಿಯನ್ನು ಕೇಳಿದಾಕ್ಷಣ ಭಂಡಾರಿಯನ್ನು ಸೆರೆಗೆ ಹಾಕಲಿಲ್ಲ. ‘ನನ್ನ ಬಸವಣ್ಣನ ಮೇಲೆ ದೂರು ತರುವೆಯಾ’ ಎಂದು ಚಾಡಿಕೋರನನ್ನು ಹೊಡೆದಟ್ಟಲೂ ಇಲ್ಲ. ಪೆಟ್ಟಿಗೆಯ ಬಳಿಗೆ ನಡೆದನು. ಬಸವಣ್ಣನವರಾದರೋ ‘ನನ್ನನ್ನೇ ಶಂಕಿಸುವಿರಾ’ ಎಂದು ಮುನಿದು ಬೀಗದಕೈ ಬಿಸುಟು ಹೊರಡಲಿಲ್ಲ. ಎಣಿಕೆಗೆ ಎದುರಾಗಿ ನಿಂತರು. ಆ ದಿನ ಅರಸನು ತೋರಿದ ನಿಷ್ಠೆ ಎಂದರೆ ಪರೀಕ್ಷೆ ಮುಗಿಯುವವರೆಗೂ ತೀರ್ಪನ್ನು ತಡೆಹಿಡಿದದ್ದು. ಮಂತ್ರಿ ತೋರಿದ ನಿಷ್ಠೆ ಎಂದರೆ ಪರೀಕ್ಷೆಯನ್ನು ಅಪಮಾನವೆಂದು ಎಣಿಸದಿದ್ದದ್ದು. ಇವೆರಡೂ ಕೂಡಿದಲ್ಲಿ ಚಾಡಿಗೆ ನಿಲ್ಲಲು ನೆಲವಿಲ್ಲದಾಗುತ್ತದೆ.

ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ. ತಾಳೆಪಟ್ಟಿಯ ಎರಡು ಬದಿಗಳು ಸರಿಹೊಂದಿದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲವೆಂದು ತಿಳಿಯಕೂಡದೆಂಬುದು ಬಿ.ಕಾಂ. ತರಗತಿಯಲ್ಲಿ ನಮಗೆ ಹೇಳಿಕೊಟ್ಟ ಆರಂಭದ ಪಾಠಗಳಲ್ಲಿ ಒಂದು. ಹಾಗೆಯೇ ಒಂದು ಅಪವಾದ ಸುಳ್ಳೆಂದು ಸಿದ್ಧವಾದ ಮಾತ್ರಕ್ಕೆ ಅಪವಾದದ ಮೂಲ ಒಣಗುವುದಿಲ್ಲ. ಕಲ್ಯಾಣದ ಹಿರಿಯರಲ್ಲಿ ಕೆಲವರಿಗೆ ಬಸವಣ್ಣನವರ ಮೇಲಿದ್ದ ಅಸಮಾಧಾನದ ಬೇರು ಹೊನ್ನಿನ ಪೆಟ್ಟಿಗೆಯಲ್ಲಿ ಇರಲಿಲ್ಲ. ಕುಲಭೇದವನ್ನು ಅವರು ಒಪ್ಪದಿದ್ದುದೇ ಅದಕ್ಕೆ ಕಾರಣ. ಆ ವಿಚಾರವನ್ನು ನೇರವಾಗಿ ಎದುರಿಸಲಾರದೆ ಮೊದಲು ಹಣದ ಮಾತು ಹುಟ್ಟಿಸಿದರು. ಅದು ಬಿದ್ದುಹೋದ ಮೇಲೆ ಹರಳಯ್ಯ ಮಧುವರಸರ ಮಕ್ಕಳ ಮದುವೆಯ ಪ್ರಸಂಗದಲ್ಲಿ ನಿಜವಾದ ಮುನಿಸು ಹೊರಬಿದ್ದಿತು. ಆಗ ಮಾತ್ರ ಬಿಜ್ಜಳನಿಗೆ ತಾಳ್ಮೆಯಿರಲಿಲ್ಲ. ಪರಂಪರೆಯ ಪ್ರಕಾರ ಅವರಿಬ್ಬರಿಗೂ ಘೋರವಾದ ಮರಣದಂಡನೆಯಾಯಿತು. ಬಸವಣ್ಣನವರು ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ಹೊರಟರು.

ಮುಂದಿನದು ನಿಷ್ಠೆಯ ಇನ್ನೊಂದು ಮುಖ. ಶರಣರಿಗಾದ ಅನ್ಯಾಯಕ್ಕೆ ಪ್ರತೀಕಾರವಾಗಿ ಜಗದೇವ ಮೊದಲಾದವರು ಬಿಜ್ಜಳನನ್ನು ಕೊಂದರೆಂದು ವೀರಶೈವ ಪರಂಪರೆಯೇ ಹೇಳುತ್ತದೆ. ಕೊಂದವರಲ್ಲಿ ನಿಷ್ಠೆ ಕಡಿಮೆಯಿತ್ತೆಂದು ಯಾರೂ ಹೇಳಲಾರರು. ಆದರೆ ದಯೆಯನ್ನೇ ಧರ್ಮದ ಮೂಲವಾಗಿ ಬೋಧಿಸಿದ ಪುರುಷನ ಮೇಲಿನ ಭಕ್ತಿಯು ಕಠಾರಿಯಾಗಿ ಪರಿಣಮಿಸಿತು. ನಾಯಕನ ಬೋಧನೆಯನ್ನು ಮರೆತು ನಾಯಕನನ್ನು ಮಾತ್ರ ಪ್ರೀತಿಸಿದರೆ ಆಗುವುದು ಇದೇ. ನಾಯಕನ ಹೆಸರಿಗೆ ಬಂದ ಕಳಂಕವನ್ನು ತೊಳೆಯಹೊರಟವರು ಅವನ ಹೆಸರಿಗೆ ರಕ್ತದ ಕಲೆ ಅಂಟಿಸುತ್ತಾರೆ.

ನಮ್ಮ ಮನೆಯ ಲೆಕ್ಕ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಪರರ ಮನೆಯ ಲೆಕ್ಕ ಪರಿಶೋಧಿಸಿ ನಮ್ಮ ಮನೆಯ ವಹಿಯನ್ನು ಮುಚ್ಚಿಟ್ಟಂತಾಗುತ್ತದೆ. ಶ್ರಾವಕ ಬಂಧುಗಳು ಮನ್ನಿಸಬೇಕು, ಮುಂದಿನ ಮಾತು ನಮಗೆ ರುಚಿಸುವಂಥದಲ್ಲ.

ಧರಣಿ ಪಂಡಿತನೆಂಬ ಜೈನ ಕವಿಯು ಹದಿನೇಳನೆಯ ಶತಮಾನದಲ್ಲಿ, ಅಂದರೆ ಈ ಘಟನೆಗಳಾಗಿ ಸುಮಾರು ಐದು ಶತಮಾನಗಳ ಅನಂತರ, ಬಿಜ್ಜಳರಾಯ ಚರಿತೆಯನ್ನು ಬರೆದನು. ಬಸವಣ್ಣನು ತನ್ನ ಸೋದರಿಯ ಸೌಂದರ್ಯದಿಂದ ಅರಸನನ್ನು ಮರುಳುಗೊಳಿಸಿ ಪದವಿ ಪಡೆದನೆಂದೂ, ಅರಸನು ಕೊಲ್ಲಾಪುರದ ದಂಡಯಾತ್ರೆಯಿಂದ ಮರಳುತ್ತಿದ್ದಾಗ ಜೈನಮುನಿಯ ವೇಷದವನೊಬ್ಬನ ಕೈಯಿಂದ ವಿಷದ ಹಣ್ಣನ್ನು ಕೊಡಿಸಿ ಕೊಲ್ಲಿಸಿದನೆಂದೂ ಈ ಸಂಪ್ರದಾಯದ ಕಥೆಯಿದೆ. ಬಾಲ್ಯದಲ್ಲಿ ನಮ್ಮ ಮನೆಯ ಹಿರಿಯರೊಬ್ಬರು ಬಾಗಿಲು ಮುಂದೆ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಈ ವಿಷದ ಹಣ್ಣಿನ ಕಥೆಯನ್ನು ನಮಗೆ ಹೇಳಿದ್ದರು. ‘ಇದನ್ನು ಹೊರಗೆ ಆಡಬೇಡಿರಿ’ ಎಂದೂ ಎಚ್ಚರಿಸಿದ್ದರು. ಅದೇ ವರ್ಷ ಶಾಲೆಯಲ್ಲಿ ಲಿಂಗಾಯತ ಗೆಳೆಯನೊಬ್ಬನು ಜೈನರ ಅರಸನು ಶರಣರ ಕಣ್ಣು ಕೀಳಿಸಿದನೆಂದು ನನ್ನನ್ನೇ ಅಪರಾಧಿಯಂತೆ ನೋಡಿದ್ದನು. ಒಂದೇ ಬೆಂಚಿನ ಮೇಲೆ ಕೂಡುತ್ತಿದ್ದ ಇಬ್ಬರು ಹುಡುಗರು ಎಂಟು ಶತಮಾನಗಳ ಹಿಂದಿನ ಎರಡು ಅಪವಾದಗಳನ್ನು ಹೊತ್ತು ಕೆಲವು ದಿನ ಮಾತು ಬಿಟ್ಟಿದ್ದೆವು.

ಹಿರಿಯರು ಆ ಕಥೆಯನ್ನು ಬಾಗಿಲು ಮುಂದೆ ಮಾಡಿಕೊಂಡು ಹೇಳಿದ್ದೇಕೆ? ಬಯಲಿನಲ್ಲಿ ಹೇಳಿದರೆ ಪುರಾವೆ ಕೇಳುವರೆಂಬ ಅಂಜಿಕೆಯಿಂದ. ಬಿಜ್ಜಳನನ್ನು ನಾವು ನಮ್ಮವನೆಂದು ಅಭಿಮಾನಪಟ್ಟೆವು. ಆ ಅಭಿಮಾನವನ್ನು ಉಳಿಸಿಕೊಳ್ಳಲು ಇನ್ನೊಬ್ಬ ಮಹಾಪುರುಷನ ಮೇಲೆ ಪುರಾವೆಯಿಲ್ಲದ ಕೊಲೆಯ ಆರೋಪವನ್ನು ಹೊರಿಸಿದೆವು. ಶಾಸ್ತ್ರದಲ್ಲಿ ಇದಕ್ಕೆ ಅಭ್ಯಾಖ್ಯಾನವೆಂದು ಹೆಸರು. ಸಮಕಾಲೀನ ಶಾಸನಗಳು 1167-68ರ ಸುಮಾರಿಗೆ ಬಿಜ್ಜಳನ ಮಗ ಸೋವಿದೇವನ ಆಳ್ವಿಕೆ ಆರಂಭವಾದುದನ್ನು ತಿಳಿಸುತ್ತವೆ. ವಿಷದ ಹಣ್ಣಿನ ಕಥೆ ಬರುವುದು ಬಹುಕಾಲದ ಮೇಲಿನ ಕಾವ್ಯದಲ್ಲಿ.

ಬಿಜ್ಜಳನು ನಮ್ಮವನೆಂಬ ಮಾತನ್ನೂ ಅಷ್ಟು ಗಟ್ಟಿಯಾಗಿ ಹೇಳುವಂತಿಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿರುವ 1200ರ ಸುಮಾರಿನ ಶಾಸನವನ್ನು ನೋಡಿರಿ. ಏಕಾಂತದ ರಾಮಯ್ಯನಿಗೂ ಅಲ್ಲಿಯ ಜೈನರಿಗೂ ನಡೆದ ವಿವಾದದಲ್ಲಿ ಜೈನರೇ ಬಿಜ್ಜಳನ ಬಳಿಗೆ ದೂರು ಕೊಂಡೊಯ್ದರು. ಅರಸನು ಎರಡು ಪಕ್ಷಗಳನ್ನೂ ಕೇಳಿ, ಜೈನರಿಗೆ ಕಲಹವಿಲ್ಲದೆ ಬಾಳಿರೆಂದು ಬುದ್ಧಿ ಹೇಳಿ, ರಾಮಯ್ಯನಿಗೆ ಜಯಪತ್ರವನ್ನೂ ಅವನ ದೇಗುಲಕ್ಕೆ ದತ್ತಿಯನ್ನೂ ಕೊಟ್ಟನೆಂದು ಶಾಸನ ಸಾರುತ್ತದೆ. ಅದು ಗೆದ್ದವರು ಕೆತ್ತಿಸಿದ ಶಾಸನವೆಂಬುದನ್ನೂ, ಅದರಲ್ಲಿ ನಂಬಲಸಾಧ್ಯವಾದ ಪವಾಡವಿದೆಯೆಂಬುದನ್ನೂ ನಾನು ಬಲ್ಲೆ. ಆದರೂ ಬಿಜ್ಜಳನ ಕಾಲಕ್ಕೆ ಬಹು ಸಮೀಪದ ಆ ಬರಹದಲ್ಲಿ ಅವನು ಜೈನರ ಪಕ್ಷಪಾತಿಯಾಗಿ ಕಾಣುವುದಿಲ್ಲ. ಎರಡೂ ಸಮುದಾಯಗಳು ಒಬ್ಬ ಅರಸನನ್ನು ತಮ್ಮ ತಮ್ಮ ಅನುಕೂಲಕ್ಕೆ ತಕ್ಕಂತೆ ತಿದ್ದಿಕೊಂಡವು. ಅನೇಕಾಂತವನ್ನು ಬೋಧಿಸುವ ನಾವಾದರೂ ಇನ್ನೊಂದು ಪಕ್ಷದ ವಹಿಯನ್ನು ತೆರೆದು ನೋಡಬೇಕಾಗಿತ್ತು. ಕರ್ನಾಟಕ ಸರ್ಕಾರವು 2024ರ ಜನವರಿಯಲ್ಲಿ ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಆ ದಿನ ಸಂತೋಷಪಟ್ಟ ಜೈನರಲ್ಲಿ ನಾನೂ ಒಬ್ಬ. ಆದರೆ ಬಾಗಿಲ ಹಿಂದಿನ ಆ ಕಥೆಯನ್ನು ಬಹಿರಂಗವಾಗಿ ಬಿಟ್ಟುಬಿಡದೆ ಆ ಸಂತೋಷಕ್ಕೆ ಪೂರ್ಣ ಅಧಿಕಾರವಿಲ್ಲವೆಂದೂ ಅನ್ನಿಸಿತು.

ನನ್ನ ತಪ್ಪು

ಸಮುದಾಯದ ತಪ್ಪನ್ನು ಹೇಳಿದ ಮೇಲೆ ನನ್ನದನ್ನು ಬಚ್ಚಿಡುವುದು ನ್ಯಾಯವಲ್ಲ. ಬಹಳ ವರ್ಷಗಳ ಹಿಂದೆ ಒಂದು ಸಹಕಾರಿ ಸಂಘದಲ್ಲಿ ನಾನು ಸದಸ್ಯನಾಗಿದ್ದೆ. ಅದರ ಅಧ್ಯಕ್ಷರು ಈ ಭಾಗದಲ್ಲಿ ರಾಜಕೀಯವಾಗಿಯೂ ಹೆಸರಾದವರು. ನನಗೆ ಹಿರಿಯಣ್ಣನ ಸಮಾನರು. ಬಿತ್ತನೆ ಬೀಜದ ಹಣದಲ್ಲಿ ಅವರು ಕೈಯಾಡಿಸಿದ್ದಾರೆಂಬ ಗುಸುಗುಸು ಎದ್ದಿತು. ವಾರ್ಷಿಕ ಸಭೆಯಲ್ಲಿ ಒಬ್ಬ ಸಣ್ಣ ಹಿಡುವಳಿದಾರರು ಎದ್ದುನಿಂತು, ಆ ಬಾಬಿನ ಖರ್ಚನ್ನು ಓದಿ ಹೇಳಬೇಕೆಂದು ವಿನಯದಿಂದಲೇ ಕೇಳಿದರು. ನಾನು ತಡೆಯಲಾರದೆ ಎದ್ದೆ. ಇಂಥವರ ಲೆಕ್ಕ ಕೇಳುವುದೇ ಪಾಪ, ಕೇಳಿದವರು ಕ್ಷಮೆ ಬೇಡಬೇಕು ಎಂದು ಆವೇಶದಿಂದ ಮಾತಾಡಿದೆ. ಸಭೆ ಚಪ್ಪಾಳೆ ತಟ್ಟಿತು. ಪ್ರಶ್ನೆ ಕೇಳಿದವರು ತಲೆ ತಗ್ಗಿಸಿ ಕುಳಿತರು. ಅಧ್ಯಕ್ಷರೂ ತಲೆ ತಗ್ಗಿಸಿದ್ದರು. ನಾನು ಅದನ್ನು ವಿನಯವೆಂದು ತಿಳಿದೆ.

ಕೆಲವು ತಿಂಗಳ ಮೇಲೆ ಅವರ ಮನೆಗೆ ಹೋದಾಗ ಅವರು ಹೇಳಿದರು: “ತಮ್ಮಾ, ನನ್ನ ಮ್ಯಾಲಿನ ಪ್ರೀತಿಗೆ ಮಾತಾಡಿದಿ, ಖರೆ. ಆದ್ರ ಅವತ್ತು ವಹಿ ನನ್ನ ಕೈಯಾಗೇ ಇತ್ತು. ಓದಿ ಹೇಳಬೇಕಂತನೇ ತಂದಿದ್ದೆ.”

ಆ ಸಾಲಿನ ಲೆಕ್ಕ ಪರಿಶೋಧನೆಯಲ್ಲಿ ಬೀಜದ ಬಾಬು ಪೈಸೆಗೆ ಪೈಸೆ ಸರಿಯಾಗಿತ್ತು. ಆದರೆ ಆ ವರದಿಯನ್ನು ಓದಿದವರು ಬೆರಳೆಣಿಕೆಯಷ್ಟು ಜನ. ಲೆಕ್ಕ ಓದಗೊಡಲಿಲ್ಲವೆಂಬ ಸುದ್ದಿ ಮಾತ್ರ ಹಳ್ಳಿಹಳ್ಳಿಗೂ ಮುಟ್ಟಿತ್ತು. ಅವರು ಮತ್ತೆ ಯಾವ ಚುನಾವಣೆಗೂ ನಿಲ್ಲಲಿಲ್ಲ. ಬಿಜ್ಜಳನು ಬಸವಣ್ಣನವರಿಗೆ ಕೊಟ್ಟ ಅವಕಾಶವನ್ನು ನಾನು ನನ್ನ ಹಿರಿಯಣ್ಣನಿಂದ ಕಸಿದುಕೊಂಡಿದ್ದೆ.

ಈ ಪ್ರಸಂಗವನ್ನು ನಾನು ಸಾಮಾಯಿಕದ ಹೊತ್ತಿನಲ್ಲಿ ಎಷ್ಟೋ ಸಾರಿ ಆಲೋಚಿಸಿದ್ದೇನೆ. ಅಂದು ನಾನು ಮಾತಾಡುವಾಗ ಲೆಕ್ಕ ಸರಿಯಿದೆಯೆಂದು ನನಗೆ ಗೊತ್ತಿತ್ತೇ? ಇರಲಿಲ್ಲ. ಅವರು ನಿಜವಾಗಿ ತಪ್ಪು ಮಾಡಿದ್ದರೂ ನಾನು ಆಡುತ್ತಿದ್ದ ಮಾತು ಅದೇ, ಚಪ್ಪಾಳೆಯೂ ಅದೇ. ತಪ್ಪಿತಸ್ಥನಿಗೂ ನಿರಪರಾಧಿಗೂ ಸಮನಾಗಿ ಒಪ್ಪುವ ಸಮರ್ಥನೆಯಲ್ಲಿ ಸತ್ಯದ ಅಂಶವೇ ಇರುವುದಿಲ್ಲ; ಅದರಿಂದ ನಿರಪರಾಧಿಗೆ ಯಾವ ಉಪಕಾರವೂ ಆಗುವುದಿಲ್ಲ. ಅಂದು ಪ್ರಶ್ನೆ ಕೇಳಿದ ಆ ರೈತರೇ ನನಗಿಂತ ಹೆಚ್ಚಾಗಿ ಅಧ್ಯಕ್ಷರ ಹಿತವನ್ನು ಸಾಧಿಸಬಲ್ಲವರಾಗಿದ್ದರು.

ಬಯಲಿನಲ್ಲಿ ಎಣಿಕೆ

ಈ ತತ್ತ್ವವನ್ನು ನಮ್ಮ ಕಾಲದ ನ್ಯಾಯಾಲಯವೂ ಬೇರೆ ರೀತಿಯಲ್ಲಿ ಎತ್ತಿಹಿಡಿದಿದೆ. 1989ರ ಏಪ್ರಿಲ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಎಸ್. ಆರ್. ಬೊಮ್ಮಾಯಿಯವರಿಗೆ ಬೆಂಬಲ ಹಿಂತೆಗೆದುಕೊಂಡಿರುವುದಾಗಿ 19 ಶಾಸಕರ ಪತ್ರಗಳು ರಾಜ್ಯಪಾಲರಿಗೆ ತಲುಪಿದವು. ಅನಂತರ ಅವರಲ್ಲಿ 7 ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ತಮ್ಮಿಂದ ಸಹಿ ಪಡೆಯಲಾಯಿತೆಂದು ಬರೆದರು. ಸದನದಲ್ಲಿ ಬಹುಮತ ತೋರಿಸಲು ತಾವು ಸಿದ್ಧರೆಂದು ಬೊಮ್ಮಾಯಿಯವರು ಹೇಳಿದರೂ ಅವಕಾಶ ಸಿಕ್ಕಲಿಲ್ಲ. ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಬಹುಮತದ ಪರೀಕ್ಷೆಗೆ ಸದನವೇ ತಕ್ಕ ಸ್ಥಾನವೆಂದು ತೀರ್ಪಿತ್ತಿತು. ಬೊಮ್ಮಾಯಿಯವರಿಗೆ ಹೋದ ಅಧಿಕಾರ ಮರಳಿ ಬರಲಿಲ್ಲ. ಆದರೆ ಪತ್ರ, ಪಿಸುಮಾತು, ಒಬ್ಬರ ಖಾಸಗಿ ಅಭಿಪ್ರಾಯ ಇವುಗಳ ಮೇಲೆ ತೀರ್ಮಾನಿಸದೆ ಎಲ್ಲರ ಎದುರು ಎಣಿಸಿ ನೋಡಬೇಕೆಂಬ ನಿಯಮ ದೇಶಕ್ಕೆಲ್ಲ ದೊರೆಯಿತು. ಕಲ್ಯಾಣದ ಭಂಡಾರದಲ್ಲಿ ನಡೆದ ಎಣಿಕೆಗೂ ಇದಕ್ಕೂ ತತ್ತ್ವತಃ ಭೇದವಿಲ್ಲ.

ಇನ್ನು ಶ್ರಾವಕನು ನಿತ್ಯಜೀವನದಲ್ಲಿ ಆಚರಿಸಬಹುದಾದ ಮೂರು ನಿಯಮಗಳನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ತಾನು ಕಂಡಿಲ್ಲದ ದೋಷವನ್ನು ಇನ್ನೊಬ್ಬರಿಗೆ ದಾಟಿಸದಿರುವುದು. ಇಂದು ಮೊಬೈಲಿನಲ್ಲಿ ಬಂದ ಮಾತನ್ನೋ ಚಿತ್ರವನ್ನೋ ಬೆರಳ ತುದಿಯಿಂದ ನೂರು ಮಂದಿಗೆ ಕಳುಹಿಸುವವರು ‘ನಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆ’ ಎನ್ನುತ್ತಾರೆ. ಕೊಂಡೆಯ ಮಂಚಣ್ಣನೂ ಇದೇ ಮಾತನ್ನು ಹೇಳಬಹುದಾಗಿತ್ತು. ಸುಳ್ಳು ಬರಹವನ್ನು ಸೃಷ್ಟಿಸಿದವನಿಗೆ ಕೂಟಲೇಖದ ದೋಷ, ದಾಟಿಸಿದವನಿಗೆ ಪೈಶುನ್ಯದ ದೋಷ.

ಎರಡನೆಯದು, ದೋಷವನ್ನು ಕಂಡದ್ದಾದರೆ ಅದನ್ನು ಹೇಳತಕ್ಕ ಸ್ಥಳದಲ್ಲಿ ಹೇಳುವುದು. ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆಂದು ಸಮಂತಭದ್ರರು ಹೇಳಿದ್ದಾರಲ್ಲ, ಆದುದರಿಂದ ಭ್ರಷ್ಟಾಚಾರವನ್ನು ಕಂಡೂ ಸುಮ್ಮನಿರಬೇಕೇ ಎಂದು ಯುವಕರು ಕೇಳುತ್ತಾರೆ. ನನ್ನ ಅಲ್ಪಮತಿಗೆ ತೋರುವಂತೆ, ಅಪಹಾರವಾದ ಇಡುಗಂಟಿನ ಒಡೆಯರಿಗೆ ಬಂದ ವಿಪತ್ತನ್ನೂ ಅಲ್ಲಿ ಎಣಿಸಬೇಕು. ಲೆಕ್ಕ ಪರಿಶೋಧಕರಿದ್ದಾರೆ, 1984ರ ಕಾಯ್ದೆಯಿಂದ ಬಂದ ಲೋಕಾಯುಕ್ತವಿದೆ, 2005ರ ಮಾಹಿತಿ ಹಕ್ಕಿನ ಕಾಯ್ದೆಯಿದೆ, ನ್ಯಾಯಾಲಯವಿದೆ. ಅಲ್ಲಿ ಹೆಸರು ಹೇಳಿ, ಸಹಿ ಹಾಕಿ ಆಡಿದ ಮಾತು ಸಾಕ್ಷ್ಯವಾಗುತ್ತದೆ. ಅದೇ ಮಾತನ್ನು ಕಟ್ಟೆಯ ಮೇಲೆ, ಹೆಸರಿಲ್ಲದೆ, ಹೊಣೆಯಿಲ್ಲದೆ ಆಡಿದರೆ ಪರಿವಾದವಾಗುತ್ತದೆ.

ಮೂರನೆಯದು, ನಾವು ನಂಬಿದ ನಾಯಕನ ಮೇಲೆ ದೂರು ಬಂದಾಗ ಎಲ್ಲರಿಗಿಂತ ಮೊದಲು ನಾವೇ ಅವನ ಬಳಿಗೆ ಹೋಗಿ ‘ವಹಿಯನ್ನು ತೆರೆಯಿರಿ’ ಎಂದು ಬೇಡಿಕೊಳ್ಳುವುದು. ವೈರಿ ಕೇಳಿದರೆ ಅದು ಸವಾಲಾಗುತ್ತದೆ. ಆಪ್ತನು ಕೇಳಿದರೆ ಅದು ಬೆಂಬಲವಾಗುತ್ತದೆ. ಲೆಕ್ಕ ಸರಿಯಿದ್ದರೆ ಅವನ ಪಕ್ಕದಲ್ಲಿ ನಿಲ್ಲಲು, ಬಂಧುಗಳೇ ಎದುರಾದರೂ, ಹಿಂಜರಿಯಬಾರದು. ಸರಿಯಿಲ್ಲದಿದ್ದರೆ ಅವನು ತಪ್ಪನ್ನು ಒಪ್ಪಿ ತೆರಬೇಕಾದುದನ್ನು ತೆತ್ತು ಮತ್ತೆ ದಾರಿಗೆ ಬರುವಂತೆ ಕೈಹಿಡಿಯಬೇಕು. ಜಾರಿದವನನ್ನು ಮತ್ತೆ ಮಾರ್ಗದಲ್ಲಿ ನಿಲ್ಲಿಸುವುದಕ್ಕೆ ಸ್ಥಿತೀಕರಣವೆಂಬ ಅಂಗವೇ ನಮ್ಮಲ್ಲಿ ಇದೆ. ಆಪತ್ತಿನಲ್ಲಿ ಬಿಟ್ಟು ಓಡುವುದೂ ತಪ್ಪನ್ನು ಒಪ್ಪೆಂದು ಸಾಧಿಸುವುದೂ ಎರಡೂ ಆ ಅಂಗಕ್ಕೆ ವಿರುದ್ಧವಾದವು.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯಂದು ನಾವು ಬಂಧುಬಳಗದವರ ಮುಂದೆ ಕೈಮುಗಿದು, ತಿಳಿದೋ ತಿಳಿಯದೆಯೋ ಆದ ತಪ್ಪನ್ನು ಮನ್ನಿಸಿರೆಂದು ಕೇಳಿಕೊಳ್ಳುತ್ತೇವೆ. ನಮ್ಮ ನಾಲಗೆಯಿಂದ ಹೆಚ್ಚಾಗಿ ನೊಂದವರು ಆ ದಿನ ನಮ್ಮ ಎದುರಿಗೆ ಇರುವುದಿಲ್ಲ. ಅವರಲ್ಲಿ ಕೆಲವರು ರಾಜಧಾನಿಯಲ್ಲಿರುತ್ತಾರೆ, ಕೆಲವರು ಎದುರು ಪಕ್ಷದಲ್ಲಿರುತ್ತಾರೆ, ಕೆಲವರು ಎಂಟು ಶತಮಾನಗಳ ಹಿಂದೆಯೇ ಹೋಗಿಬಿಟ್ಟಿರುತ್ತಾರೆ. ಕಳೆದ ಕ್ಷಮಾವಣಿಯಂದು ನಾನು ಅಂದಿನ ಸಭೆಯಲ್ಲಿ ತಲೆ ತಗ್ಗಿಸಿ ಕುಳಿತ ರೈತರ ಮನೆಯನ್ನು ಹುಡುಕಿಕೊಂಡು ಹೋದೆ. ಅವರು ಈಗಿಲ್ಲ, ಅವರ ಮಗನ ಮುಂದೆ ಕೈಮುಗಿದು ಬಂದೆ. ವಾಚಕ ಬಂಧುಗಳೂ ತಮ್ಮ ತಮ್ಮ ವಹಿಗಳನ್ನು ಒಮ್ಮೆ ತೆರೆದು ನೋಡಬೇಕೆಂದು ನನ್ನ ವಿನಮ್ರ ವಿಜ್ಞಾಪನೆ.